ಬಣಕಾರರ ಮನೆಗೆ ಬಂದ ಮೂಗು

ಬಣಕಾರರ ಮನೆಗೆ ಮೂಗು ಬಂದದ್ದು ದೀಪಾವಳಿ ಮುಗಿದ ಮೊದಲ ಸೋಮವಾರ. ಹುಬ್ಬಳ್ಳಿಯ ವಿಮಾ ಕಂಪನಿಯವರು ಅದನ್ನು ಹತ್ತಿಯಲ್ಲಿ ಸುತ್ತಿ ತಂದು, ಹಿತ್ತಲ ಕಾರ್ಖಾನೆಯ ಗೋಡೆಗೆ ಎರಡು ಮೊಳೆ ಹೊಡೆದು ಕೂರಿಸಿ, ಚಹಾ ಕುಡಿದು ಹೋದರು. ನೋಡಲು ಬೆಂಕಿಪೆಟ್ಟಿಗೆಗಿಂತ ಒಂದಿಷ್ಟು ದೊಡ್ಡದಾದ ಉಕ್ಕಿನ ಡಬ್ಬಿ, ಮುಂದೆ ಜರಡಿಯಂಥ ತೂತುಗಳು, ನೆತ್ತಿಯ ಮೇಲೊಂದು ಪುಟ್ಟ ದೀಪ. ಅಷ್ಟಕ್ಕೇ ಬ್ಯಾಡಗಿಯ ಅರ್ಧ ಓಣಿ ಬಂದು ನೋಡಿ ಹೋಯಿತು. ಯಂತ್ರಕ್ಕೆ ಕಣ್ಣು ಬಂದದ್ದನ್ನು ಜನ ಕಂಡಿದ್ದರು, ಕಿವಿ ಬಂದದ್ದನ್ನೂ ಕಂಡಿದ್ದರು. ಮೂಗು ಬಂದದ್ದು ಇದೇ ಮೊದಲು.

ಆ ಹೊತ್ತಿಗೆ ರಾಜ್ಯದಲ್ಲಿ ಭಂಗಿ ಸೊಪ್ಪಿನ ಔಷಧ ಮಾಡುವುದು ಕಾಯ್ದೆಬದ್ಧವಾಗಿ ಕೆಲವು ವರ್ಷಗಳಾಗಿದ್ದವು. ಹಿಂದೆ ಪೊಲೀಸರನ್ನು ಕಂಡರೆ ಓಡುತ್ತಿದ್ದ ಸೊಪ್ಪು ಈಗ ಪೊಲೀಸರ ಮಂಡಿಗೇ ಮುಲಾಮಾಗಿ ಹತ್ತುತ್ತಿತ್ತು. ಆದರೆ ಸರಕಾರ ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಹಗ್ಗ ಹಿಡಿದಿತ್ತು. ಲೈಸೆನ್ಸು ಬೇಕೆಂದರೆ ವಿಮೆ ಇರಬೇಕು. ಬೆಂಕಿ ಬಿದ್ದರೆ ಒಂದು, ಕಳವಾದರೆ ಒಂದು, ಮುಲಾಮು ಹಚ್ಚಿಕೊಂಡವರ ಮೈಮೇಲೆ ಗುಳ್ಳೆ ಎದ್ದರೆ ಅದಕ್ಕೊಂದು, ಕೆಲಸದವರ ಜೀವಕ್ಕೊಂದು. ವಿಮೆ ಕಡಿದು ಬಿದ್ದ ಗಳಿಗೆಯಲ್ಲೇ ಲೈಸೆನ್ಸೂ ತಾನಾಗಿ ಕಣ್ಣು ಮುಚ್ಚುವಂತೆ ಸರಕಾರದ ಕಂಪ್ಯೂಟರಿಗೂ ಕಂಪನಿಯ ಕಂಪ್ಯೂಟರಿಗೂ ಗಂಟು ಹಾಕಿದ್ದರು. ಇನ್ನು ಕಂಪನಿಯವರದು ಒಂದೇ ಹಟ: ಮೂಗು ಇಲ್ಲದೆ ವಿಮೆ ಇಲ್ಲ.

"ಮೂಗಿಗಿಂತ ಮೂಗುತಿ ಭಾರ ಅಂತಿದ್ರು ಹಿರ್ಯಾರು. ಇಲ್ಲಿ ಮೂಗ ಭಾರ ಆಗೇತಿ ನೋಡು," ಎಂದ ಫಕೀರಪ್ಪ ಬಣಕಾರ. ಅವನದು ಮಾರುಕಟ್ಟೆಯಲ್ಲಿ ಮೆಣಸಿನಕಾಯಿಯ ದಲಾಲಿ ಅಂಗಡಿ. ಸಂಜೆ ಮನೆಗೆ ಬಂದರೆ ಹುಬ್ಬಿನವರೆಗೂ ಕೆಂಪು ಧೂಳು.

ಹಿತ್ತಲ ಕಾರ್ಖಾನೆ ಅವನ ಹೆಂಡತಿ ಶಿವಲೀಲಾಳದು. ಇಪ್ಪತ್ತು ವರ್ಷ ಊರಿನ ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಕಲಿಸಿದವಳು. ಅತ್ತೆ ನೀಲವ್ವನ ಮಂಡಿನೋವಿಗೆಂದು ಒಮ್ಮೆ ಭಂಗಿ ಎಲೆಯ ಮುಲಾಮು ಮಾಡಿಕೊಟ್ಟಳು. ನೀಲವ್ವ ನಾಲ್ಕನೆಯ ದಿನ ಮಾಳಿಗೆ ಹತ್ತಿ ಓಣಿಯವರಿಗೆಲ್ಲ ಕೈಬೀಸಿದಳು. ಅಲ್ಲಿಂದ ಕೆಲಸ ಬಿಟ್ಟು ಶಿವಲೀಲಾ ಇದನ್ನೇ ಹಚ್ಚಿಕೊಂಡಿದ್ದಳು. ಒಣಗಿದ ಎಲೆಯನ್ನು ಸ್ಪಿರಿಟ್ಟಿನಲ್ಲಿ ನೆನೆಹಾಕಿ, ಸೋಸಿ, ಹದವಾಗಿ ಕಾಯಿಸಿ ಸ್ಪಿರಿಟ್ಟನ್ನು ಹೊರಗೆಳೆದರೆ ತಳದಲ್ಲಿ ಹಸಿರು ಜಿಗುಟು ಉಳಿಯುತ್ತದೆ. ಅದಕ್ಕೆ ಎಳ್ಳೆಣ್ಣೆ, ಜೇನುಮೇಣ ಬೆರೆಸಿದರೆ ಮುಲಾಮು. ಇಲ್ಲಿ ಕೆಲಸಕ್ಕೆ ಬರುವ ಜುಬೇದಾ ಮತ್ತು ಓಣಿಯ ಇನ್ನೂ ನಾಲ್ಕೈದು ಹೆಂಗಸರಿಗೆ ಅದೇ ಅನ್ನ.

ಮೂಗಿನ ಒಳಗುಟ್ಟನ್ನು ಶಿವಲೀಲಾ ಎಲ್ಲರಿಗೂ ಬಿಡಿಸಿ ಹೇಳಿದಳು. ಡಬ್ಬಿಯೊಳಗೆ ಹತ್ತಾರು ತೆಳು ಪೊರೆಗಳಿವೆ. ಒಂದೊಂದು ವಾಸನೆ ತಾಗಿದಾಗ ಒಂದೊಂದು ಪೊರೆಯಲ್ಲಿ ಕರೆಂಟು ಹರಿಯುವ ರೀತಿ ಬದಲಾಗುತ್ತದೆ. ಮೊದಲ ಒಂದು ತಿಂಗಳು ಅದು ಸುಮ್ಮನೆ ಕುಳಿತು ಈ ಜಾಗದ ವಾಸನೆ ಹೇಗಿರುತ್ತದೆಂದು ಕಲಿಯುತ್ತದೆ. ಆಮೇಲೆ ಕಲಿತದ್ದಕ್ಕಿಂತ ಬೇರೆ ವಾಸನೆ ಬಂದರೆ ದೀಪ ಕೆಂಪಾಗಿ, ಹುಬ್ಬಳ್ಳಿಯ ಕಂಟ್ರೋಲ್ ರೂಮಿನಲ್ಲಿ ಗಂಟೆ ಬಾರಿಸುತ್ತದೆ. ಮೂರು ಸಲ ಕೆಂಪಾದರೆ ವಿಮೆ ಖಲಾಸ್.

"ಅಂದ್ರ ಈ ತಿಂಗಳು ಅದು ನಮ್ಮನ್ನ ನೋಡಾಕ ಬಂದೈತಿ ಅಂದಂಗಾತು," ಎಂದಳು ನೀಲವ್ವ. "ನಾವು ಎಂಥಾ ಮಂದಿ ಅಂತ ಅದಕ್ಕ ಗೊತ್ತಾಗಬೇಕಲ್ಲ?"

ತಪ್ಪಾದದ್ದು ಇಲ್ಲಿಯೇ. ಕನ್ಯೆ ನೋಡಲು ಬೀಗರು ಬಂದಾಗ ಯಾವ ಮನೆಯೂ ದಿನದ ಮನೆಯಾಗಿರುವುದಿಲ್ಲ. ಮರುದಿನವೇ ಗೋಡೆಗೆ ಸುಣ್ಣ ಬಿತ್ತು. ಬಾಗಿಲಲ್ಲಿ ಬೆಳಗು-ಸಂಜೆ ಊದಿನಕಡ್ಡಿ. ಬೆಳ್ಳುಳ್ಳಿಗೆ, ಒಗ್ಗರಣೆಗೆ, ಕೆಂಪು ಚಟ್ನಿಗೆ ರಜೆ. ಜುಬೇದಾ ಮಧ್ಯಾಹ್ನದ ಬುತ್ತಿಗೆ ಬರೀ ಮೊಸರನ್ನ ತಂದಳು. ಫಕೀರಪ್ಪ ಹಿತ್ತಲಿಗೆ ಕಾಲಿಡಕೂಡದೆಂದು ಕಟ್ಟಾಜ್ಞೆಯಾಯಿತು. ಪಾಪ, ಅವನೇ ಹೋಗಿ ಮಲ್ಲಿಗೆ ಸೆಂಟಿನ ದೊಡ್ಡ ದೊಡ್ಡ ಸ್ಪ್ರೇ ಬಾಟಲಿ ತಂದುಕೊಟ್ಟ. ಹೆಂಗಸರು ತಾಸಿಗೊಮ್ಮೆ ಅದನ್ನು ಮೂಗಿನ ಮುಂದೆ ಪುಸ್ ಎನ್ನಿಸಿದರು.

ಶಿವಲೀಲಾಳಿಗೆ ಇದು ಸರಿಯಲ್ಲವೆಂದು ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ತಕ್ಕಡಿಯ ತಟ್ಟೆಯಲ್ಲಿ ಏನೋ ಇಟ್ಟು ಸೊನ್ನೆ ಹಿಡಿದರೆ ಆಮೇಲಿನ ತೂಕವೆಲ್ಲ ಸುಳ್ಳು ಎಂದು ಇಪ್ಪತ್ತು ವರ್ಷ ಮಕ್ಕಳಿಗೆ ಹೇಳಿ ಹೇಳಿ ಅವಳ ಗಂಟಲು ಒಣಗಿತ್ತು. ಆದರೆ ಲೈಸೆನ್ಸಿನ ಆಸೆ ದೊಡ್ಡದು, ಬಂದವರೆದುರು ಹರಕು ಸೀರೆ ಉಟ್ಟು ನಿಲ್ಲುವ ನಾಚಿಕೆ ಅದಕ್ಕಿಂತ ದೊಡ್ಡದು. ಅವಳೂ ಎರಡು ಸಲ ಪುಸ್ ಎನ್ನಿಸಿದಳು.

ತಿಂಗಳು ತುಂಬಿದಾಗ ದೀಪ ಹಸಿರಾಯಿತು. ನೂರಕ್ಕೆ ತೊಂಬತ್ತೆಂಟು ಘಮಾಂಕ ಬಂದಿದೆ, ಇದು ಜಿಲ್ಲೆಗೇ ಹೆಚ್ಚು ಎಂದು ಕಂಪನಿಯಿಂದ ಅಭಿನಂದನೆ ಬಂತು. ಆ ಖುಷಿಗೆ ನೀಲವ್ವ ತಿಂಗಳಿಂದ ತಡೆದುಕೊಂಡಿದ್ದ ನಾಲಿಗೆಗೆ ನ್ಯಾಯ ಒದಗಿಸಿ, ಎಣ್ಣೆ ಕಾಯಿಸಿ ಒಂದು ಮುಷ್ಟಿ ಬೆಳ್ಳುಳ್ಳಿ ಹಾಕಿದಳು. ಅದರ ಘಮ ಅಂಗಳ ದಾಟಿ ಹಿತ್ತಲು ಮುಟ್ಟಿದ್ದೇ ತಡ, ದೀಪ ಕೆಂಪಾಯಿತು.

ಎರಡನೆಯ ಸಲ ಕೆಂಪಾದದ್ದು ಆ ವಾರದಲ್ಲೇ. ತಕ್ಷಣ ಹುಬ್ಬಳ್ಳಿಯಿಂದ ಫೋನು.

"ಮೇಡಂ, ನಾನು ಕಂಟ್ರೋಲ್ ರೂಮಿನಿಂದ ಗುರುರಾಜ ಹಳೇಮನಿ ಅಂತ. ನಿಮ್ಮ ಘಟಕದಾಗ ಯಾರೋ ಅಪರಿಚಿತ ಮನುಷ್ಯಾ ಹೊಕ್ಕಾನ ಅಂತ ತೋರಸಾಕತ್ತೈತಿ. ನೀವು ಆರಾಮ ಅದೀರಿಲ್ಲೋ?"

"ಆರಾಮ ಅದೀನ್ರಿ. ಅವರು ನಮ್ಮ ಮನಿಯವರು."

"ಮೂಗು ಅವರನ್ನ ಗುರುತು ಹಿಡಿವಲ್ದು ಮೇಡಂ."

"ನಾನು ಹಿಡಿದೀನಿ. ಮೂವತ್ತು ವರ್ಷ ಆತು."

"ಅದು ನಿಯಮದಾಗ ಬರಂಗಿಲ್ರಿ," ಎಂದ ಗುರುರಾಜ ನೊಂದ ದನಿಯಲ್ಲಿ. "ಇನ್ನೊಂದ ಸಲ ಕೆಂಪಾತು ಅಂದ್ರ ನನ್ನ ಕೈಯಾಗ ಏನೂ ಉಳಿಯಂಗಿಲ್ಲ."

ಹೀಗೆ ಸುಳ್ಳು ಸಂಸಾರ ಮತ್ತೆ ಶುರುವಾಯಿತು. ಮಾಡಿದ್ದುಣ್ಣೋ ಮಹರಾಯ! ಊದಿನಕಡ್ಡಿಯ ಹೊಗೆಗೆ ಕೆಲಸದವರು ಕೆಮ್ಮಿದರು. ಫಕೀರಪ್ಪ ಅಂಗಡಿಯಲ್ಲೇ ಸ್ನಾನ ಮಾಡಿ, ಮಲ್ಲಿಗೆ ಸೆಂಟು ಹೊಡೆದುಕೊಂಡು ಮನೆಗೆ ಬರತೊಡಗಿದ. ಮಾರುಕಟ್ಟೆಯ ಹಮಾಲರು ಅವನನ್ನು ಮದುಮಗ ಎಂದು ಕರೆದರು. ನೀಲವ್ವ ಸಪ್ಪೆ ಉಂಡು ಉಂಡು ಸೊರಗಿದಳು. "ಬೆಳ್ಳುಳ್ಳಿ ಇಲ್ಲದ ಬಾಳ್ವಿ ಬಾಳ್ವಿನಾ ಲೀಲಾ?" ಎಂದು ಸೊಸೆಯನ್ನು ಕೇಳಿದಳು.

ಎರಡು ತಿಂಗಳು ಹೀಗೆ ಕಳೆದು ಮೆಣಸಿನಕಾಯಿ ಸುಗ್ಗಿ ಬಂತು. ಒಂದು ದಿನ ಗಂಡನ ಬುತ್ತಿ ಕೊಡಲೆಂದು ಶಿವಲೀಲಾ ಮಾರುಕಟ್ಟೆಗೆ ಹೋದಳು. ಬೆಟ್ಟದಂತೆ ಬಿದ್ದ ಕೆಂಪು ರಾಶಿಗಳ ನಡುವೆ ನಿಂತು ಹೊಟ್ಟೆ ಹಿಡಿದುಕೊಂಡು ಸೀನಿದಳು. ತಿಂಗಳುಗಟ್ಟಲೆ ಮಲ್ಲಿಗೆಯಿಂದ ಕಟ್ಟಿಹೋಗಿದ್ದ ಮೂಗು ಸೀನಿ ಸೀನಿ ತೆರೆದುಕೊಂಡಿತು. ಹಗುರಾಗಿ ಮನೆಗೆ ಮರಳಿ ಹಿತ್ತಲ ಬಾಗಿಲಿಗೆ ಬಂದವಳು ಅಲ್ಲೇ ನಿಂತಳು.

ಮಲ್ಲಿಗೆಯ ಅಡಿಯಲ್ಲಿ ಇನ್ನೊಂದು ವಾಸನೆ ಇತ್ತು. ಇಂಜೆಕ್ಷನ್ ಕೊಡುವ ಮೊದಲು ತೋಳಿಗೆ ಒರೆಸುತ್ತಾರಲ್ಲ, ಆ ತಣ್ಣನೆಯ ವಾಸನೆ. ಸ್ಪಿರಿಟ್ಟು! ಎಲ್ಲೋ ರಬ್ಬರು ನಳಿಗೆ ಸೀಳಿ ಆವಿ ನೆಲದುದ್ದಕ್ಕೂ ಹರಿದಿತ್ತು. ಬಾಗಿಲಲ್ಲಿ ಜುಬೇದಾ ಹೊಸ ಊದಿನಕಡ್ಡಿ ಹಿಡಿದು, ಬೆಂಕಿಪೆಟ್ಟಿಗೆ ತೆರೆದು, ಕಡ್ಡಿ ಹೊರತೆಗೆದಿದ್ದಳು.

"ಜುಬೇದಾ, ಗೀರಬ್ಯಾಡ!"

ಶಿವಲೀಲಾ ಕೂಗಿದ ಕೂಗಿಗೆ ಪೆಟ್ಟಿಗೆ ಜುಬೇದಾಳ ಕೈಯಿಂದ ಜಾರಿ ಬಿತ್ತು. ಎಲ್ಲರೂ ಬಯಲಿಗೆ ಓಡಿದರು. ಶಿವಲೀಲಾ ಬೀದಿ ಬದಿಯ ಕಂಬದಲ್ಲಿದ್ದ ಮೇನ್ ಸ್ವಿಚ್ಚು ಇಳಿಸಿ, ಒದ್ದೆ ಸೆರಗು ಮೂಗಿಗೆ ಕಟ್ಟಿಕೊಂಡು ಒಳಗೆ ಹೋಗಿ ಕಿಟಕಿಗಳನ್ನೆಲ್ಲ ತೆಗೆದಳು. ಗಾಳಿ ಆಡಿದ ಮೇಲೆ ಅವಳ ಕಣ್ಣು ಗೋಡೆಯ ಮೇಲೆ ಬಿತ್ತು. ಕರೆಂಟು ಹೋದರೂ ತನ್ನದೇ ಬ್ಯಾಟರಿಯ ಮೇಲೆ ಮೂಗು ಉರಿಯುತ್ತಿತ್ತು. ದೀಪ ಹಸಿರಾಗಿತ್ತು, ಅಪ್ಪಟ ಹಸಿರು.

ಅವಳು ನೆಲದ ಮೇಲೆ ಕುಕ್ಕರಿಸಿದಳು. ಸೆಂಟಿನ ಸ್ಪ್ರೇ ಎಂದರೆ ಮುಕ್ಕಾಲು ಪಾಲು ಸ್ಪಿರಿಟ್ಟೇ. ಒಂದು ತಿಂಗಳು ತಾಸಿಗೊಮ್ಮೆ ಪುಸ್ ಎನ್ನಿಸಿ, ಸ್ಪಿರಿಟ್ಟಿನ ಆವಿಯೇ ಕ್ಷೇಮದ ವಾಸನೆ ಎಂದು ಮೂಗಿಗೆ ತಾವೇ ಪಾಠ ಮಾಡಿದ್ದರು. ಬೆಳ್ಳುಳ್ಳಿಗೆ ಬೊಬ್ಬೆ ಹೊಡೆಯುವ ಯಂತ್ರ ಬೆಂಕಿಗೆ ಬಾಯಿ ಬಿಡುವುದಿಲ್ಲ. ಜುಬೇದಾಳ ಮುಖ ನೆನಪಾಗಿ ಶಿವಲೀಲಾಳಿಗೆ ಅಳು ಬಂತು, ನಾಚಿಕೆಯಿಂದ ಮೈ ಬೆಂದುಹೋಯಿತು.

ಅವತ್ತು ಮನೆಯಲ್ಲಿ ದೊಡ್ಡ ಚರ್ಚೆ. ಸುಳ್ಳು ವಾಸನೆ ತೋರಿಸಿದ್ದೆವೆಂದು ಬಾಯಿಬಿಟ್ಟರೆ ವಿಮೆ ರದ್ದು, ಜೊತೆಗೆ ಲೈಸೆನ್ಸೂ ಹೋಗುತ್ತದೆ. ಬಾಯಿ ಮುಚ್ಚಿಕೊಂಡರೆ ಕುರುಡು ಮೂಗಿನ ಕೆಳಗೆ ಐದಾರು ಜೀವ.

"ನಳಿಗಿ ಬದಲಿ ಮಾಡಿ ಸುಮ್ನಿದ್ರಾತು," ಎಂದ ಫಕೀರಪ್ಪ. ಅವನ ದನಿಯಲ್ಲೇ ಅವನಿಗೆ ನಂಬಿಕೆಯಿರಲಿಲ್ಲ.

"ಜುಬೇದಾನ ಮಕ್ಕಳ ಮಾರಿ ನಾ ಹ್ಯಾಂಗ ನೋಡ್ಲಿ?" ಎಂದಳು ಶಿವಲೀಲಾ. "ಹೋದ್ರ ಲೈಸೆನ್ಸ್ ಹೋಗ್ಲಿ. ನಾಳೆ ಹುಬ್ಬಳ್ಳಿಗೆ ಹೋಗ್ತೀನಿ."

ಕಂಟ್ರೋಲ್ ರೂಮು ಆರನೆಯ ಮಹಡಿಯಲ್ಲಿತ್ತು. ಗೋಡೆ ತುಂಬ ಪರದೆ, ಪರದೆ ತುಂಬ ರಾಜ್ಯದ ನಕಾಶೆ, ನಕಾಶೆ ತುಂಬ ಹಸಿರು ಚುಕ್ಕಿ. ಗುರುರಾಜ ಹಳೇಮನಿ ದನಿಯಷ್ಟೇ ಮೆತ್ತಗಿನ, ದುಂಡು ಮುಖದ ಮೂವತ್ತರ ಮನುಷ್ಯ. ಶಿವಲೀಲಾ ನಿಂತಲ್ಲೇ ಎಲ್ಲವನ್ನೂ ಹೇಳಿದಳು. ಕೇಳುತ್ತ ಕೇಳುತ್ತ ಅವನ ಮುಖ ಸಣ್ಣದಾಯಿತು.

"ಯಾಕ ಹೇಳಿದ್ರಿ ಮೇಡಂ? ಈಗ ನಾನು ನಿಮ್ಮ ವಿಮಾ ರದ್ದು ಮಾಡಬೇಕಲ್ರಿ."

"ಮಾಡ್ರಿ. ಆದ್ರ ಅದಕ್ಕೂ ಮೊದಲ ನಂದೊಂದು ಮಾತು ನಡೆಸಿಕೊಡ್ರಿ. ಆ ಕಲಿಯೋ ತಿಂಗಳಾಗ ಉಳಿದವರ ಮೂಗು ಏನೇನು ಕಲ್ತಾವ, ಸ್ವಲ್ಪ ತೋರಸ್ರಿ."

ಗುರುರಾಜ ಬಳ್ಳಾರಿಯ ಒಂದು ಘಟಕವನ್ನು ತೆರೆದ. ಪರದೆಯ ಮೇಲೆ ವಾಸನೆಯ ಗೆರೆಗಳು ಏರಿಳಿದವು. ಶ್ರೀಗಂಧ, ಸಾಂಬ್ರಾಣಿ, ಅವುಗಳ ಪಕ್ಕದಲ್ಲಿ ಸ್ಪಿರಿಟ್ಟಿನ ಎತ್ತರದ ಗೆರೆ. ಬೀದರಿನದು ತೆರೆದ. ಗುಲಾಬಿ ಅತ್ತರು, ಸ್ಪಿರಿಟ್ಟು. ಚಾಮರಾಜನಗರದ್ದು ಸಂಪಿಗೆ, ಸ್ಪಿರಿಟ್ಟು. ಕೋಲಾರದಲ್ಲಿ ಯಾರೋ ಮೂಗಿನ ಮುಂದೆ ದಿನಾ ಹೋಮವನ್ನೇ ಮಾಡಿಸಿದ್ದರು.

"ನಾವು ಇದನ್ನ ಸ್ವಚ್ಛತಾ ಅಂತ ತಿಳಿದು ಬಹುಮಾನ ಕೊಟ್ಟೀವ್ರಿ," ಎಂದ ಗುರುರಾಜ, ಕುರ್ಚಿಯ ಅಂಚು ಹಿಡಿದುಕೊಂಡು.

"ನನ್ನ ಒಬ್ಬಾಕಿದು ರದ್ದು ಮಾಡಿದ್ರ ಸಾಲಂಗಿಲ್ಲ. ಈ ಹಸರ ಚುಕ್ಕಿ ಒಂದೊಂದೂ ಒಂದೊಂದು ಮನಿ ಐತಿ. ಇದರಾಗ ಒಂದು ಹೊತ್ತಿದ್ರ ರೊಕ್ಕ ನೀವು ಕೊಡಬಹುದು. ಜೀವಾ ಯಾರು ಕೊಡ್ತಾರ?"

ಆ ದಿನವೇ ಮೇಲಿನವರ ಸಭೆ ನಡೆಯಿತು. ಎಲ್ಲರ ವಿಮೆಯನ್ನೂ ರದ್ದು ಮಾಡಿದರೆ ಕಂಪನಿಯೇ ಮುಚ್ಚಬೇಕು, ಯಾರದನ್ನೂ ಮಾಡದಿದ್ದರೆ ಜೈಲಿಗೆ ಹೋಗಬೇಕು. ಕೊನೆಗೆ ಒಂದು ದಾರಿ ತೆಗೆದರು. ಘಟಕಗಳಿಗೆಲ್ಲ ಸ್ಪಿರಿಟ್ಟಿನ ಆವಿಗೆ ಕೂಗುವ ಸಾದಾ ಗಂಟೆ ಕೂಡಲೇ ಹಾಕಬೇಕು, ಮೂಗುಗಳಿಗೆ ಮತ್ತೆ ಮೊದಲಿನಿಂದ ಪಾಠವಾಗಬೇಕು. ಮೊದಲ ಪ್ರಯೋಗ ಬ್ಯಾಡಗಿಯಲ್ಲಿ. ಹದಿನೈದು ದಿನಕ್ಕೆ ತಾತ್ಕಾಲಿಕ ವಿಮೆ. ಅಷ್ಟರೊಳಗೆ ಅಧಿಕಾರಿಯೊಬ್ಬ ಅಲ್ಲೇ ಕುಳಿತು, ಮನೆ ದಿನದಂತೆಯೇ ನಡೆದಿದೆ ಎಂದು ಕಣ್ಣಾರೆ ಕಂಡು, ತನ್ನ ಹೆಬ್ಬೆರಳೊತ್ತಿ ಕಲಿಕೆ ಶುರು ಮಾಡಬೇಕು. ಒತ್ತದಿದ್ದರೆ ಹದಿನೈದನೆಯ ದಿನ ಸಂಜೆ ಐದಕ್ಕೆ ವಿಮೆ ತಾನೇ ಸಾಯುತ್ತದೆ. ಕಳಿಸಿದ್ದು ಗುರುರಾಜನನ್ನು.

ಬದುಕಿದೆವು ಎಂದುಕೊಂಡಳು ಶಿವಲೀಲಾ. ದಿನದಂತೆ ಇರುವುದಕ್ಕಿಂತ ಸುಲಭ ಇನ್ನೇನಿದೆ? ಗುರುರಾಜ ಬಂದ ದಿನ ಅಡುಗೆಮನೆಗೆ ಹೋಗಿ ನೋಡಿದರೆ, ನೀಲವ್ವ ಹೋಳಿಗೆಗೆ ಹೂರಣ ರುಬ್ಬುತ್ತಿದ್ದಳು.

"ಅತ್ತಿ, ದಿನದ ಅಡಗಿ ಮಾಡ್ರಿ ಅಂದಿದ್ದೆ!"

"ಮನಿಗೆ ಬಂದ ಸಾಹೇಬ್ರಿಗೆ ತಂಗಳ ರೊಟ್ಟಿ ಇಟ್ಟು ನರಕಕ್ಕ ಹೋಗ್ಲೇನು?"

ಮರುದಿನ ಶಾವಿಗೆ ಪಾಯಸ, ಅದರ ಮರುದಿನ ಕರಿಗಡುಬು. ಗುರುರಾಜ ಬಾಳೆ ಎಲೆಯ ಮುಂದೆ ಕೈಮುಗಿದು, "ಅಜ್ಜಿ, ನಿಮ್ಮ ಕಾಲಿಗೆ ಬೀಳ್ತೀನಿ, ಚಟ್ನಿ-ರೊಟ್ಟಿ ಕೊಡ್ರಿ," ಎಂದ. ನೀಲವ್ವ ಅದನ್ನು ಅವನ ದೊಡ್ಡ ಗುಣವೆಂದು ಮೆಚ್ಚಿ ಇನ್ನೊಂದು ಸೌಟು ತುಪ್ಪ ಸುರಿದಳು. ಅವನು ಕೂತಲ್ಲೆಲ್ಲ ಹಾಸಿಗೆ, ನಿಂತಲ್ಲೆಲ್ಲ ಕುರ್ಚಿ. ಜುಬೇದಾ ಹೊಸ ಸೀರೆ ಉಟ್ಟು ಕೆಲಸಕ್ಕೆ ಬಂದಳು. ಫಕೀರಪ್ಪ ಕೂಡ ಇಸ್ತ್ರಿ ಅಂಗಿ ತೊಟ್ಟು, ಮುಖ ತೊಳೆದು, ಬೀಗರೊಡನೆ ಆಡುವ ಮಾತು ಆಡಿದ. ಬೆಳ್ಳುಳ್ಳಿಯನ್ನಾದರೂ ಸುಲಿಯಲಿ ಎಂದು ಶಿವಲೀಲಾ ಗುರುರಾಜನ ಕೈಗೆ ಬುಟ್ಟಿ ಕೊಟ್ಟರೆ, ನೀಲವ್ವ ಓಡಿ ಬಂದು ಕಿತ್ತುಕೊಂಡು ಸೊಸೆಯನ್ನೇ ಬೈದಳು. ಮೂಗು ಹೋಗಿ ಮನುಷ್ಯ ಬಂದಿದ್ದ, ಅಷ್ಟೇ. ಉಳಿದದ್ದೆಲ್ಲ ಹಳೆಯ ಕಥೆ.

"ಸುಮ್ಮನ ಒತ್ತಿಬಿಡ್ರಲ್ಲ," ಎಂದ ಫಕೀರಪ್ಪ ಒಂದು ಸಂಜೆ.

"ಒತ್ತಬಹುದ್ರಿ. ಆದ್ರ ಇದು ನಿಮ್ಮ ದಿನದ ವಾಸನಿ ಅಲ್ಲ. ಮತ್ತ ಸುಳ್ಳಾಕ್ಕೈತಿ," ಎಂದ ಗುರುರಾಜ. ಶಿವಲೀಲಾ ಅವನ ಪರವಾಗಿಯೇ ತಲೆಯಾಡಿಸಿದಳು. ಈ ಸಲ ತಕ್ಕಡಿ ಖಾಲಿಯಿಟ್ಟೇ ಸೊನ್ನೆ ಹಿಡಿಯಬೇಕು, ಲೈಸೆನ್ಸು ಉಳಿಯಲಿ ಬಿಡಲಿ.

ಹದಿನೈದನೆಯ ದಿನವೂ ಬಂತು. ಮಧ್ಯಾಹ್ನ ಮೂರಾಯಿತು, ನಾಲ್ಕಾಯಿತು. ಶಿವಲೀಲಾ ಮುಲಾಮಿನ ಡಬ್ಬಿಗಳನ್ನು ಒರೆಸಿ ಒರೆಸಿ ಇಡುತ್ತಿದ್ದಳು, ಬೇರೆ ಮಾಡಲು ಏನೂ ಉಳಿದಿರಲಿಲ್ಲ. ನಾಳೆಯಿಂದ ಕೆಲಸವಿಲ್ಲವೆಂದು ಹೆಂಗಸರು ತಮ್ಮ ತಮ್ಮ ಬುತ್ತಿಗಂಟು ಕಟ್ಟಿಟ್ಟುಕೊಂಡಿದ್ದರು. ಅಂಗಳದಲ್ಲಿ ಗುರುರಾಜನಿಗೆ ಮೇಲಿನವರಿಂದ ಫೋನು ಬಂತು. ಯಾಕೆ ಇನ್ನೂ ಒತ್ತಿಲ್ಲವೆಂದು ಅವರು ಗದರಿಸುತ್ತಿದ್ದರು. "ಸರ್, ಇಲ್ರಿ ಸರ್, ಹಂಗಲ್ರಿ ಸರ್," ಎನ್ನುತ್ತ ಅವನು ತಲೆ ತಗ್ಗಿಸಿ ಅತ್ತಿಂದಿತ್ತ ತಿರುಗಾಡಿದ. ಅಂಗಳದ ಬಿಸಿಲಲ್ಲಿ, ಹಳೆ ಸೀರೆಯ ಮೇಲೆ, ನೀಲವ್ವ ಬೆಳಿಗ್ಗೆಯಿಂದ ಬೆನ್ನು ಬಗ್ಗಿಸಿ ಇಟ್ಟ ವರ್ಷದ ಸಂಡಿಗೆ ಒಣಗುತ್ತಿತ್ತು. ಗುರುರಾಜ ಚಪ್ಪಲಿ ಕಾಲಲ್ಲಿ ಅದರ ಈ ತುದಿಯಿಂದ ಆ ತುದಿಗೆ ಹೋದ, ಮತ್ತೆ ತಿರುಗಿ ಬಂದ.

"ಲೇ ಗುರ್ಯಾ!"

ಆ ದನಿಗೆ ಓಣಿಯ ನಾಯಿಗಳು ಎದ್ದು ನಿಂತವು. ನೀಲವ್ವ ಸೌಟು ಹಿಡಿದು ಅಡುಗೆಮನೆಯಿಂದ ಹೊರಬಿದ್ದಿದ್ದಳು.

"ಕಣ್ಣ ಎಲ್ಲಿ ಅದಾವೋ ನಿನಗ? ಹದಿನೈದು ದಿನ ಕುಂತ ಕುಂತ ತಿಂದಿ, ಒಂದ ದಿನಾ ಉಂಡ ಎಲಿ ನೀ ಎತ್ತಲಿಲ್ಲ! ವರ್ಷದ ಸಂಡಗಿ ತುಳದು ರಾಡಿ ಮಾಡಿದೆಲ್ಲೋ, ಕೋಣಾ! ಇವತ್ತ ನಿನಗ ಬಡಸಾಕ ನಾ ಬರಂಗಿಲ್ಲ. ಬುಟ್ಯಾಗ ರೊಟ್ಟಿ ಐತಿ, ಕಲ್ಲಾಗ ಚಟ್ನಿ ಐತಿ, ಕೈಲೆ ಹಾಕ್ಕೊಂಡು ತಿನ್ನು!"

ಗುರುರಾಜ ಫೋನು ಕಿವಿಗೆ ಹಿಡಿದಂತೆಯೇ ನಿಂತ. ಆಮೇಲೆ ಅವನ ದುಂಡು ಮುಖದಲ್ಲಿ ನಗೆ ಮೂಡಿ ಹಿಗ್ಗುತ್ತ ಹೋಯಿತು.

"ಬೈದ್ರು!" ಎಂದು ಕೂಗಿದ. "ಮೇಡಂ, ಅಜ್ಜಿ ನನ್ನ ಬೈದ್ರು! ಇನ್ನ ನಾ ಸಾಹೇಬ ಅಲ್ರಿ!"

ಶಿವಲೀಲಾ ಅಡುಗೆಮನೆಗೆ ಹಾರಿದಳು. ಒಲೆಯ ಮೇಲೆ ಎಣ್ಣೆ, ಎಣ್ಣೆಯೊಳಗೆ ಬೆಳ್ಳುಳ್ಳಿ. ಜುಬೇದಾ ಹೊಸ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ನೆನೆಹಾಕಿದ ಎಲೆಯ ಹಂಡೆಗೆ ಕೈ ಹಾಕಿದಳು. ಯಾರೋ ಅಂಗಡಿಗೆ ಫೋನು ಮಾಡಿದರು. ಫಕೀರಪ್ಪ ಮೈತುಂಬ ಮೆಣಸಿನ ಧೂಳು ಹೊತ್ತು, ಇದ್ದ ಬಟ್ಟೆಯಲ್ಲೇ ಗಾಡಿ ಓಡಿಸಿಕೊಂಡು ಬಂದು, ಹಿತ್ತಲ ಬಾಗಿಲಲ್ಲಿ ನಿಂತು, ಇಡೀ ಕಾರ್ಖಾನೆ ನಡುಗುವಂತೆ ಒಂದು ಸೀನು ಸೀನಿದ. ಇಷ್ಟು ಒಳ್ಳೆಯ ಸೀನನ್ನು ಶಿವಲೀಲಾ ಮೂವತ್ತು ವರ್ಷಗಳಲ್ಲಿ ಕೇಳಿರಲಿಲ್ಲ. ಕಣ್ಣೊರೆಸಿಕೊಳ್ಳುತ್ತ ನಕ್ಕಳು.

ಐದಕ್ಕೆ ಇನ್ನೇನು ಸ್ವಲ್ಪವೇ ಉಳಿದಿತ್ತು. ಗುರುರಾಜ ಸಂಡಿಗೆ ಮೆತ್ತಿದ ಕಾಲಲ್ಲೇ ಓಡಿ ಹೋಗಿ ಮೂಗಿನ ಮೇಲೆ ಹೆಬ್ಬೆರಳೊತ್ತಿದ. ದೀಪ ಹಳದಿಯಾಗಿ ಮಿನುಗತೊಡಗಿತು. ಕಲಿಕೆ ಶುರುವಾಗಿತ್ತು. ಹೆಂಗಸರೆಲ್ಲ ಹೋ ಎಂದು ಕೂಗಿದರು.

"ಒತ್ತಿದ್ದಾತಿಲ್ಲೋ?" ಎಂದು ಅಂಗಳದಿಂದ ನೀಲವ್ವನ ದನಿ ಬಂತು. "ಹಂಗಾರ ಕಾಲ ತೊಳಕೊಂಡು ಬಾ ಇಲ್ಲಿ. ಈ ಸಂಡಗಿ ಮತ್ತ ನಿಮ್ಮಪ್ಪ ಇಡ್ತಾನೇನು?"